ಹತ್ತು ಮೀಟರು ನಡೆಯಲು ಎಷ್ಟು ಸೆಕೆಂಡು?

ಲಕ್ವ ಹೊಡೆದವರ ಮನೆಯಲ್ಲಿ ಮೊದಲ ವಾರದ ಗಾಬರಿ ಇಳಿದ ಮೇಲೆ ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ: ಮತ್ತೆ ಎದ್ದು ಓಡಾಡುತ್ತಾರೋ ಇಲ್ಲವೋ? ಆಸ್ಪತ್ರೆಯಿಂದ ಮನೆಗೆ ಕಳಿಸುವಾಗ ಕೊಡುವ ಚೀಟಿಯಲ್ಲಿ ಮಾತ್ರೆಗಳ ಹೆಸರು, ಬಿಪಿಯ ಅಂಕಿ, ಮತ್ತೆ ಬರಬೇಕಾದ ದಿನ ಎಲ್ಲ ಇರುತ್ತದೆ. ದಿನಕ್ಕೆ ಎಷ್ಟು ಹೆಜ್ಜೆ ಹಾಕಿಸಬೇಕು ಅನ್ನುವುದು ಮಾತ್ರ ಎಷ್ಟೋ ಸಲ ‘ವ್ಯಾಯಾಮ ಮಾಡಿಸಿ’ ಎಂಬ ಎರಡು ಪದಗಳಲ್ಲಿ ಮುಗಿದುಹೋಗುತ್ತದೆ. ಗದಗ-ಬೆಟಗೇರಿಯಲ್ಲಿ ಇರುವವರಿಗಾದರೂ ಫಿಸಿಯೋಥೆರಪಿ ಕೈಗೆಟಕುವ ದೂರದಲ್ಲಿದೆ. ಮುಂಡರಗಿಯಿಂದಲೋ ಲಕ್ಷ್ಮೇಶ್ವರದಿಂದಲೋ ಗದಗಿಗೆ ಬರಬೇಕೆಂದರೆ ಸುಮಾರು 40 ಕಿ.ಮೀ. ದಾರಿ. ಶಿರಹಟ್ಟಿ ಅದಕ್ಕಿಂತ ಹತ್ತಿರ ಇದ್ದರೂ ಒಂದು ಕೈ, ಒಂದು ಕಾಲು ಸೋತವರನ್ನು ದಿನಾ ಬಸ್ಸು ಹತ್ತಿಸಿ ಕರೆತರುವುದು ಆಗದ ಮಾತು. ಹಾಗಾಗಿ ನಡಿಗೆ ಎಷ್ಟು ಮರಳುತ್ತದೆ ಅನ್ನುವುದು ಬಹುಮಟ್ಟಿಗೆ ಮನೆಯ ಪಡಸಾಲೆಯಲ್ಲೇ ತೀರ್ಮಾನವಾಗುತ್ತದೆ. ಆ ಪಡಸಾಲೆಯಲ್ಲಿ ನಡಿಗೆಯನ್ನು ಎಣಿಸಬೇಕು, ಅಳೆಯಬೇಕು, ಬರೆದಿಡಬೇಕು. ಹಾಗೆ ಬರೆದಿಟ್ಟ ಪುಸ್ತಕವೊಂದಿದ್ದರೆ ತಿಂಗಳಿಗೊಮ್ಮೆ ಫಿಸಿಯೋಥೆರಪಿಸ್ಟರನ್ನು ಕಂಡರೂ ಆ ಭೇಟಿ ಹಲವು ಪಟ್ಟು ಉಪಯೋಗಕ್ಕೆ ಬರುತ್ತದೆ ಎಂಬುದು ಈ ಲೇಖನದ ವಾದ. ಇದಕ್ಕೆ ಯಂತ್ರ ಬೇಡ. ಸೀಮೆಸುಣ್ಣ, ಮೊಬೈಲಿನ ಗಡಿಯಾರ, ಒಂದು ನೋಟುಬುಕ್ಕು ಸಾಕು.

ಮೊದಲು, ನಡಿಗೆ ಮರಳುವ ಬಗೆ ಹೇಗೆ ಎಂದು ನೋಡೋಣ. ಡೆನ್ಮಾರ್ಕಿನ ಕೋಪನ್‌ಹೇಗನ್ನಿನಲ್ಲಿ ಲಕ್ವ ಹೊಡೆದ 804 ಜನರನ್ನು ಆಸ್ಪತ್ರೆ ಸೇರಿದ ದಿನದಿಂದ ಆರೈಕೆ ಮುಗಿಯುವ ತನಕ ಗಮನಿಸಿದ ಅಧ್ಯಯನವೊಂದು 1995ರಲ್ಲಿ ಪ್ರಕಟವಾಯಿತು. ಬಂದ ದಿನ ಅವರಲ್ಲಿ ಶೇ. 51 ಮಂದಿಗೆ ನಡೆಯಲು ಆಗುತ್ತಲೇ ಇರಲಿಲ್ಲ, ಶೇ. 12 ಮಂದಿ ಇನ್ನೊಬ್ಬರ ಆಸರೆಯಲ್ಲಿ ನಡೆಯುತ್ತಿದ್ದರು. ಆರೈಕೆ ಮುಗಿದಾಗ ಅರ್ಧದಷ್ಟು ಜನ ತಾವಾಗಿಯೇ ನಡೆಯುತ್ತಿದ್ದರು, ಶೇ. 11 ಮಂದಿಗೆ ಆಸರೆ ಬೇಕಿತ್ತು, ಶೇ. 18 ಮಂದಿಗೆ ನಡಿಗೆ ಬರಲಿಲ್ಲ, ಉಳಿದವರು ತೀರಿಕೊಂಡಿದ್ದರು. ಅದರಲ್ಲಿ ಮನೆಯವರು ನೆನಪಿಡಬೇಕಾದ ಅಂಕಿ ಇನ್ನೊಂದು: ನೂರರಲ್ಲಿ 95 ಜನಕ್ಕೆ ನಡಿಗೆಯ ಚೇತರಿಕೆ ಮೊದಲ 11 ವಾರಗಳ ಒಳಗೇ ಆಗಿತ್ತು. ಮೆದುಳಿನ ಬಾವು ಇಳಿಯುತ್ತದೆ, ಪೂರ್ತಿ ಸಾಯದೆ ಮಂಕಾಗಿದ್ದ ಭಾಗ ಎಚ್ಚರಗೊಳ್ಳುತ್ತದೆ, ಸತ್ತ ಭಾಗದ ಕೆಲಸವನ್ನು ಪಕ್ಕದ ಭಾಗಗಳು ಕಲಿತುಕೊಳ್ಳುತ್ತವೆ. ಈ ಕಲಿಕೆ ಚುರುಕಾಗಿರುವ ಕಾಲ ಮೊದಲ ಮೂರು ತಿಂಗಳು. ಆ ಮೂರು ತಿಂಗಳನ್ನು ಹೊರಸಿನ ಮೇಲೆ ಮಲಗಿ ಕಳೆದರೆ ಹೋಗುವುದು ಬರೀ ಸಮಯವಲ್ಲ.

ಇದೇ ಅಂಕಿ ಇನ್ನೊಂದು ವಿಷಯವನ್ನೂ ಬಿಡಿಸಿ ಹೇಳುತ್ತದೆ. ಕಪ್ಪತಗುಡ್ಡದ ಸುತ್ತಿನ ಸೀಮೆಯಲ್ಲಿ ಔಷಧಿ ಗಿಡಗಳ ಮೇಲೆ ಜನರಿಗೆ ಇರುವ ನಂಬಿಕೆ ಹಳೆಯದು. ಲಕ್ವಕ್ಕೆ ಇಂಥ ಊರಿನ ಎಣ್ಣೆ, ಇಂಥವರ ಸೊಪ್ಪು ಎಂದು ಹುಡುಕಿಕೊಂಡು ಹೋಗುವವರಿದ್ದಾರೆ. ಪಾರಿವಾಳದ ರಕ್ತ ಹಚ್ಚುವ ರೂಢಿಯೂ ಇದೆ. ‘ಅಲ್ಲಿ ಹೋಗಿ ಬಂದ ಮೇಲೆ ನಡೆದಾಡಿದರು’ ಎನ್ನುವವರು ಸುಳ್ಳು ಹೇಳುತ್ತಿಲ್ಲ. ಆದರೆ ಮೊದಲ 11 ವಾರಗಳಲ್ಲಿ ಚೇತರಿಕೆ ಹೇಗೂ ಏರುತ್ತಲೇ ಇರುತ್ತದೆ. ಆ ಅವಧಿಯಲ್ಲಿ ಕೊಟ್ಟ ಯಾವುದೇ ಔಷಧಕ್ಕೂ ಗುಣಪಡಿಸಿದ ಹೆಸರು ತಾನಾಗಿಯೇ ಸಲ್ಲುತ್ತದೆ. ಇನ್ನೊಂದು ಗೊಂದಲವೂ ಇದೆ. ಮುಖದ ನರಕ್ಕೆ ಮಾತ್ರ ಏಟು ಬಿದ್ದು ಬಾಯಿ ಸೊಟ್ಟಗಾಗುವುದನ್ನೂ ಜನ ಲಕ್ವ ಎಂದೇ ಕರೆಯುತ್ತಾರೆ. ಅದು ಮೆದುಳಿನ ಲಕ್ವವಲ್ಲ. ಹತ್ತರಲ್ಲಿ ಸುಮಾರು ಏಳು ಜನಕ್ಕೆ ಅದು ಯಾವ ಔಷಧಿ ಇಲ್ಲದೆಯೂ ಸರಿಹೋಗುತ್ತದೆ. ಹಾಗೆ ಸರಿಹೋದವರ ಮಾತು ಕೇಳಿ, ಕೈಕಾಲು ಬಿದ್ದವರನ್ನೂ ಅದೇ ಬಾಗಿಲಿಗೆ ಕರೆದೊಯ್ಯುವುದು ಅಪಾಯ. ರಕ್ತದ ಗಡ್ಡೆ ಕರಗಿಸುವ ಚುಚ್ಚುಮದ್ದನ್ನು ಲಕ್ಷಣ ಕಂಡ ನಾಲ್ಕೂವರೆ ತಾಸಿನ ಒಳಗೆ ಕೊಡಬೇಕು. ಬಾಯಿ ಸೊಟ್ಟಗಾದರೂ ಸರಿ, ಮಾತು ತೊದಲಿದರೂ ಸರಿ, ಮೊದಲು 108. ಇನ್ನು ಎಣ್ಣೆ ತಿಕ್ಕುವುದರ ಮಾತು. ವೈದ್ಯರು ಬೇಡವೆನ್ನದಿದ್ದರೆ ಹಗುರವಾಗಿ ತಿಕ್ಕಬಹುದು. ಚರ್ಮಕ್ಕೆ ಹಿತ, ಮನಸ್ಸಿಗೆ ಸಮಾಧಾನ, ಮುಟ್ಟಿ ಉಪಚರಿಸುವ ಕೈಯ ಪ್ರೀತಿ ಸಣ್ಣದಲ್ಲ. ಆದರೆ ಬೇರೆಯವರು ತಿಕ್ಕಿದ ಕಾಲು ಏನನ್ನೂ ಕಲಿಯುವುದಿಲ್ಲ. ರೋಗಿ ತಾನೇ ಮನಸ್ಸಿಟ್ಟು ಎತ್ತಲು ಹೆಣಗಿದ ಕಾಲಷ್ಟೇ ಕಲಿಯುತ್ತದೆ.

ಹಾಗಾದರೆ ಮೊದಲ ದಿನವೇ ಎಬ್ಬಿಸಿ ನಡೆಸಬೇಕೆ? ಬೇಡ. ಐದು ದೇಶಗಳ 56 ಆಸ್ಪತ್ರೆಗಳಲ್ಲಿ 2104 ರೋಗಿಗಳ ಮೇಲೆ ನಡೆದ ‘ಅವರ್ಟ್’ ಪ್ರಯೋಗದ ಫಲ 2015ರಲ್ಲಿ ಬಂದಾಗ ಪರಿಣತರಿಗೂ ಅಚ್ಚರಿಯಾಯಿತು. ಮೊದಲ 24 ತಾಸಿನ ಒಳಗೇ ಹಾಸಿಗೆಯಿಂದ ಎಬ್ಬಿಸಿ ಹೆಚ್ಚು ಹೆಚ್ಚು ಓಡಾಡಿಸಿದ ಗುಂಪಿನಲ್ಲಿ ಮೂರು ತಿಂಗಳಿಗೆ ಚೆನ್ನಾಗಿ ಚೇತರಿಸಿಕೊಂಡವರು ಶೇ. 46, ಎಂದಿನಂತೆ ನಿಧಾನವಾಗಿ ಎಬ್ಬಿಸಿದವರಲ್ಲಿ ಶೇ. 50. ಅವಸರ ಕೆಡಿಸಿತು. ಅದೇ ಮಾಹಿತಿಯನ್ನು ಮತ್ತೆ ಜಾಲಾಡಿದಾಗ, ಒಂದೇ ಸಲ ಬಹಳ ಹೊತ್ತು ದಣಿಸುವುದಕ್ಕಿಂತ ಸ್ವಲ್ಪ ಸ್ವಲ್ಪ ಹೊತ್ತು ಹಲವು ಸಲ ಎಬ್ಬಿಸುವುದು ಮೇಲೆಂದು ಕಂಡಿತು. ಮೊದಲ ದಿನದ ಮಟ್ಟಿಗೆ ವೈದ್ಯರು ಹೇಳಿದಷ್ಟೇ ಮಾಡಿ. ಆಮೇಲೆ ಗಮನ ಇಡಬೇಕಾದದ್ದು ಕಾಲಿನ ಮೇಲಲ್ಲ, ಕೂರುವುದರ ಮೇಲೆ. ನೆದರ್‌ಲ್ಯಾಂಡ್ಸ್‌ನಲ್ಲಿ ಮೊದಲ ಬಾರಿ ರಕ್ತನಾಳ ಕಟ್ಟಿಕೊಂಡು ಲಕ್ವ ಹೊಡೆದ, ನಡೆಯಲಾಗದ 154 ಜನರನ್ನು ಪರೀಕ್ಷಿಸಿದರು. ಮೂರು ದಿನದ ಒಳಗೆ ಆಸರೆಯಿಲ್ಲದೆ 30 ಸೆಕೆಂಡು ಕೂರಬಲ್ಲವರಾಗಿ, ಜೊತೆಗೆ ಸೋತ ಕಾಲನ್ನೂ ತುಸುವಾದರೂ ಅಲುಗಾಡಿಸಬಲ್ಲವರಾಗಿದ್ದರೆ ಆರು ತಿಂಗಳಿಗೆ ಸ್ವಂತವಾಗಿ ನಡೆಯುವ ಸಾಧ್ಯತೆ ಶೇ. 98 ಇತ್ತು. ಎರಡೂ ಆಗದಿದ್ದವರಲ್ಲಿ ಅದು ಶೇ. 27, ಒಂಬತ್ತನೆಯ ದಿನಕ್ಕೂ ಆಗದಿದ್ದರೆ ಶೇ. 10. ಈ ಅಂಕಿಯನ್ನು ಹಣೆಬರಹದಂತೆ ಓದಬಾರದು. ನಡಿಗೆ ಶುರುವಾಗುವುದು ಸೊಂಟ ಮತ್ತು ಬೆನ್ನಿನಿಂದ ಎಂದು ಅದು ತಿಳಿಸುತ್ತದೆ. ಕೂರಲು ಬಾರದವರನ್ನು ಇಬ್ಬರು ಎರಡು ರಟ್ಟೆ ಹಿಡಿದು ಎಳೆದಾಡಿ ‘ನಡೆಸುವುದು’ ನಡಿಗೆಯಲ್ಲ. ಅದರಿಂದ ಸೋತ ಭುಜದ ಕೀಲು ಜಾರಿ ತಿಂಗಳುಗಟ್ಟಲೆ ನೋವು ಉಳಿಯುವುದೂ ಉಂಟು.

ದುಬಾರಿ ಯಂತ್ರವಿರುವ ದೊಡ್ಡ ಊರಿಗೆ ಹೋದರೆ ಮಾತ್ರ ನಡಿಗೆ ಬರುತ್ತದೆ ಎಂಬ ಭಾವನೆ ಅನೇಕರಲ್ಲಿದೆ. ಹುಬ್ಬಳ್ಳಿಗೂ ಆಗದು, ಬೆಂಗಳೂರಿಗೂ ಆಗದು ಎಂದಾಗ ಕೈಚೆಲ್ಲುವುದು ಇದರಿಂದಲೇ. ಅಮೆರಿಕದಲ್ಲಿ 408 ಜನರ ಮೇಲೆ ನಡೆದ ‘ಲೀಪ್ಸ್’ ಪ್ರಯೋಗ 2011ರಲ್ಲಿ ಈ ಪ್ರಶ್ನೆಯನ್ನೇ ಎತ್ತಿಕೊಂಡಿತು. ಒಂದು ಗುಂಪಿಗೆ ಲಕ್ವವಾದ ಎರಡು ತಿಂಗಳಿಗೆ, ಇನ್ನೊಂದಕ್ಕೆ ಆರು ತಿಂಗಳಿಗೆ, ಮೈಭಾರವನ್ನು ಪಟ್ಟಿಯಿಂದ ಎತ್ತಿಹಿಡಿದು ಟ್ರೆಡ್‌ಮಿಲ್ ಮೇಲೆ ನಡೆಸುವ ತರಬೇತಿ. ಮೂರನೆಯ ಗುಂಪಿಗೆ ಫಿಸಿಯೋಥೆರಪಿಸ್ಟರು ಮನೆಗೇ ಹೋಗಿ ಬಲ ಮತ್ತು ಸಮತೋಲದ ವ್ಯಾಯಾಮ ಕಲಿಸಿದರು. ತೊಂಬತ್ತು ನಿಮಿಷದ 36 ಪಾಠಗಳು. ವರ್ಷದ ಕೊನೆಗೆ ಎಲ್ಲರನ್ನೂ ಸೇರಿಸಿ ಶೇ. 52 ಮಂದಿಯ ನಡಿಗೆ ಒಂದು ಮೆಟ್ಟಿಲು ಮೇಲೇರಿತ್ತು. ಮೂರು ಗುಂಪುಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಯಂತ್ರ ಮನೆಯನ್ನು ಸೋಲಿಸಲಿಲ್ಲ.

ಇಲ್ಲಿ ಬಲವಾದ ಆಕ್ಷೇಪವೊಂದಿದೆ, ಅದನ್ನು ಮರೆಮಾಚುವುದು ಸರಿಯಲ್ಲ. ನಮ್ಮ ದೇಶದ 14 ಆಸ್ಪತ್ರೆಗಳಲ್ಲಿ 1250 ರೋಗಿಗಳೊಂದಿಗೆ ನಡೆದ ‘ಅಟೆಂಡ್’ ಪ್ರಯೋಗದ ಫಲ 2017ರಲ್ಲಿ ಪ್ರಕಟವಾಯಿತು. ಮನೆಯವರಿಗೇ ವ್ಯಾಯಾಮ ಕಲಿಸಿ, ಅವರ ಕೈಯಲ್ಲೇ ಆರೈಕೆ ಮುಂದುವರಿಸಿದರೆ ಲಾಭವೇ ಎಂದು ಅದು ಕೇಳಿತು. ಆರು ತಿಂಗಳಿಗೆ ತೀರಿಕೊಂಡವರು ಇಲ್ಲವೆ ಪರಾವಲಂಬಿಗಳಾಗಿ ಉಳಿದವರ ಪ್ರಮಾಣ ಎರಡೂ ಗುಂಪಿನಲ್ಲಿ ಒಂದೇ, ಶೇ. 47. ಹಾಗಾದರೆ ಮನೆಯ ಅಭ್ಯಾಸ ವ್ಯರ್ಥವೇ? ನನ್ನ ಓದು ಹಾಗಲ್ಲ. ಲೀಪ್ಸ್‌ನಲ್ಲಿ ಜಾಗ ಮನೆಯೇ ಆದರೂ ಕಲಿಸುವವರು ಬಲ್ಲವರಾಗಿದ್ದರು, ಅಭ್ಯಾಸ ದೀರ್ಘವಾಗಿತ್ತು, ವಾರದಿಂದ ವಾರಕ್ಕೆ ಕಠಿಣವಾಗುತ್ತಿತ್ತು. ಅಟೆಂಡ್‌ನಲ್ಲಿ ಮನೆಯವರಿಗೆ ಸಿಕ್ಕಿದ್ದು ಕೆಲವೇ ದಿನದ ತರಬೇತಿ. ಹೋಲಿಕೆಯ ಗುಂಪಿಗೂ ಎಂದಿನ ಚಿಕಿತ್ಸೆ ನಡೆದೇ ಇತ್ತು. ಎರಡನ್ನೂ ಒಟ್ಟಿಗಿಟ್ಟು ನೋಡಿದರೆ ತಿಳಿಯುವುದಿಷ್ಟು: ಜಾಗ ಮನೆಯಾದರೆ ಅಡ್ಡಿಯಿಲ್ಲ, ಪ್ರೀತಿಯೊಂದೇ ಇದ್ದರೆ ಸಾಲದು. ಅಭ್ಯಾಸದ ಪ್ರಮಾಣ ಏರುತ್ತ ಹೋಗಬೇಕು, ಅದನ್ನು ತಿದ್ದುವ ಬಲ್ಲವರ ಕಣ್ಣು ಆಗಾಗ ಬೀಳಬೇಕು. ಎಣಿಸಿ ಬರೆದಿಡುವ ಮಾತು ಬರುವುದು ಇಲ್ಲೇ.

ಎಣಿಕೆ ಏಕೆ? ಚಿಕಿತ್ಸಾ ಕೇಂದ್ರಗಳಲ್ಲಿ 312 ಪಾಠಗಳನ್ನು ಕೂತು ನೋಡಿ ಎಣಿಸಿದವರಿದ್ದಾರೆ. 2009ರಲ್ಲಿ ಪ್ರಕಟವಾದ ಆ ಲೆಕ್ಕದ ಪ್ರಕಾರ ನಡಿಗೆ ಕಲಿಸುವ ಪಾಠವೊಂದರಲ್ಲಿ ರೋಗಿ ಹಾಕುತ್ತಿದ್ದದ್ದು ಸರಾಸರಿ 357 ಹೆಜ್ಜೆ. ತುಂಬಾ ಕಡಿಮೆ ಎಂದು ಅವರೇ ಒಪ್ಪಿಕೊಂಡರು. ಬೆಟಗೇರಿಯ ನೇಕಾರರ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಲಾಳಿ ಎಸೆಯುವ ಕೈ, ಕೆಳಗೆ ತುಳಿಯುವ ಕಾಲು ಒಂದಕ್ಕೊಂದು ಹೊಂದಿಕೊಳ್ಳಲು ಎಷ್ಟು ಸಾವಿರ ಸಲ ಬೇಕಾಯಿತೆಂದು ಅವರ ಮೈಗೇ ಗೊತ್ತು. ಮೆದುಳು ಹೆಜ್ಜೆಯನ್ನು ಮತ್ತೆ ಕಲಿಯುವುದೂ ಹಾಗೆಯೇ. ಸೋತ ಕಾಲಿನವರ ಹೆಜ್ಜೆ ಚಿಕ್ಕದು, 40 ಸೆಂ.ಮೀ. ಎಂದಿಟ್ಟುಕೊಳ್ಳಿ. ಹತ್ತು ಮೀಟರು ಹೋಗಲು 25, ಬರಲು 25. ಅಂಥ ಏಳು ಸುತ್ತು ಹಾಕಿದರೆ 350 ಹೆಜ್ಜೆ, ಅಂದರೆ ಆ ಕೇಂದ್ರಗಳ ಒಂದು ಪಾಠ ಮನೆಯಲ್ಲೇ ಮುಗಿಯಿತು. ಒಂದೇ ಸಲ ಏಳು ಸುತ್ತು ಬೇಡ. ಬೆಳಿಗ್ಗೆ ಎರಡು, ಮಧ್ಯಾಹ್ನ ಮನೆಯೊಳಗೆ ಎರಡು, ಇಳಿಹೊತ್ತು ಮೂರು. ಎರಡು ಬಟ್ಟಲು ಇಟ್ಟುಕೊಂಡು ಸುತ್ತಿಗೊಂದು ಕಡಲೆಕಾಳು ಇತ್ತಿಂದ ಅತ್ತ ಹಾಕಿದರೆ ಲೆಕ್ಕ ತಪ್ಪುವುದಿಲ್ಲ. ಕಾಳನ್ನು ರೋಗಿಯೇ ತನ್ನ ಕೈಯಾರೆ ಹಾಕಲಿ. ಹೀಗೆ ಎರಡು ಮೂರು ದಿನ ಸಲೀಸಾದರೆ ಒಂದು ಸುತ್ತು ಏರಿಸಿ. ನಡೆಯುವಾಗ ಮಾತಾಡಲು ಆಗದಷ್ಟು ಏದುಸಿರು ಬಂದರೆ ಕೂರಿಸಿ. ಎದೆನೋವು, ತಲೆಸುತ್ತು, ಹೊಸದಾಗಿ ಕೈಕಾಲು ಸೋಲುವುದು, ಒಂದೇ ಮೀನಖಂಡ ಬಾತು ನೋಯುವುದು ಕಂಡರೆ ಅಭ್ಯಾಸ ನಿಲ್ಲಿಸಿ ತಡಮಾಡದೆ ಆಸ್ಪತ್ರೆಗೆ.

ಇನ್ನೂ ನಡೆಯಲಾಗದವರಿಗೆ ಎಣಿಸಬೇಕಾದದ್ದು ಏಳುವುದನ್ನು. ಹೊರಸು ತಗ್ಗು, ನಡುವೆ ಕುಸಿದಿರುತ್ತದೆ. ಅದರಿಂದ ಏಳುವುದು ಗಟ್ಟಿಮುಟ್ಟಾದವರಿಗೂ ಕಷ್ಟ. ಗೋಡೆಗೆ ಒರಗಿಸಿದ ಮರದ ಬೆಂಚಿನ ಮೇಲೆ ಕೌದಿಯನ್ನು ನಾಲ್ಕು ಮಡಿಕೆ ಮಾಡಿ ಹಾಸಿ. ಆಸನ ಎತ್ತರವಾದಷ್ಟೂ ಏಳುವುದು ಸುಲಭ. ಎರಡೂ ಪಾದ ಹಿಂದಕ್ಕೆ ಎಳೆದುಕೊಂಡು, ಮೂಗು ಹೆಬ್ಬೆರಳಿನ ನೇರಕ್ಕೆ ಬರುವಷ್ಟು ಮುಂದಕ್ಕೆ ಬಾಗಿ, ಆಮೇಲೆ ಏಳಬೇಕು. ಸಾಧ್ಯವಾದಷ್ಟು ಭಾರ ಸೋತ ಕಾಲಿನ ಮೇಲೂ ಬೀಳಲಿ. ಎಲ್ಲವನ್ನೂ ಗಟ್ಟಿ ಕಾಲಿಗೇ ಬಿಟ್ಟರೆ ಸೋತದ್ದು ಸೋತೇ ಇರುತ್ತದೆ. ಐದು ಸಲ ಎದ್ದು ಕೂತು ವಿಶ್ರಾಂತಿ, ಮತ್ತೆ ಐದು. ವಾರದಲ್ಲಿ ಸಲೀಸಾದರೆ ಕೌದಿಯ ಒಂದು ಮಡಿಕೆ ತೆಗೆಯಿರಿ. ನಾಲ್ಕೂ ಮಡಿಕೆ ಹೋಗಿ ಬರೀ ಬೆಂಚು ಉಳಿಯುವ ದಿನ ಕಾಲಿಗೆ ಎಷ್ಟು ಬಲ ಬಂದಿದೆ ಎಂದು ಬೇರೆ ಯಾರೂ ಹೇಳಬೇಕಿಲ್ಲ.

ಹಿಡಿಯುವ ರೀತಿಯಲ್ಲೂ ತಿದ್ದಿಕೊಳ್ಳುವುದಿದೆ. ನೆರವಿನವರು ಸೋತ ಬದಿಯಲ್ಲಿ, ಅರ್ಧ ಹೆಜ್ಜೆ ಹಿಂದೆ ನಿಲ್ಲಬೇಕು. ಕೈ ಹಿಡಿದು ಎಳೆಯಬಾರದು, ಕಂಕುಳಿಗೆ ಕೈ ಕೊಟ್ಟು ಎತ್ತಬಾರದು. ಗಟ್ಟಿ ವಲ್ಲಿಯೊಂದನ್ನು ರೋಗಿಯ ಸೊಂಟಕ್ಕೆ ಬಿಗಿದು, ಬೆನ್ನ ಹಿಂದೆ ಅದನ್ನು ಹಿಡಿದುಕೊಳ್ಳಿ. ವಾಲಿದಾಗ ಆಸರೆ, ಇಲ್ಲದಾಗ ಸಡಿಲ. ಕೋಲು ಗಟ್ಟಿ ಕೈಯಲ್ಲಿರಬೇಕು. ಸೋತ ಕಡೆಗೆ ಆಸರೆ ಬೇಕಲ್ಲವೇ ಎಂದು ಅದೇ ಕೈಗೆ ಕೋಲು ಕೊಡುವುದು ಸಾಮಾನ್ಯ ತಪ್ಪು. ಪಾದ ಜೋತುಬಿದ್ದು ಬೆರಳು ನೆಲ ಗೀರುತ್ತಿದ್ದರೆ, ಕಾಲನ್ನು ಅರ್ಧ ಸುತ್ತು ಬೀಸಿ ಹಾಕುತ್ತಿದ್ದರೆ, ಹಿಮ್ಮಡಿಯಿಂದ ಮೀನಖಂಡದವರೆಗೆ ಬರುವ ಪ್ಲಾಸ್ಟಿಕ್ ಪಟ್ಟಿ ಹಾಕಿಸಬೇಕೇ ಎಂದು ಫಿಸಿಯೋಥೆರಪಿಸ್ಟರನ್ನು ಕೇಳಿ. ಅಳತೆಗೆ ಸರಿಯಾಗಿದ್ದರೆ ಅದೊಂದರಿಂದಲೇ ಎಡವುವುದು ಎಷ್ಟೋ ಕಡಿಮೆಯಾಗುತ್ತದೆ. ಹವಾಯಿ ಚಪ್ಪಲಿ ಬೇಡ, ಹಿಂದೆ ಪಟ್ಟಿ ಇರುವ ಚಪ್ಪಲಿ ಇರಲಿ. ನಮ್ಮ ಹಳೆಯ ಮನೆಗಳ ಹೊಸ್ತಿಲು ಎತ್ತರ; ಅಲ್ಲಿ ಗೋಡೆಗೊಂದು ಕಬ್ಬಿಣದ ಹಿಡಿಕೆ ಹೊಡೆಸಿ.

ಈಗ ಅಳತೆ. ಅಂಗಳದಲ್ಲೋ ಮನೆ ಮುಂದಿನ ಸಪಾಟು ಓಣಿಯಲ್ಲೋ ಹತ್ತು ಮೀಟರು ಅಳೆದು ಎರಡು ಗೆರೆ ಎಳೆಯಿರಿ. ಟೇಪು ಇಲ್ಲದಿದ್ದರೆ ಬಟ್ಟೆಯ ಲೆಕ್ಕ ಬಲ್ಲವರು ಹನ್ನೊಂದು ವಾರು ಎಣಿಸಿದರೆ ಅಷ್ಟೇ ಆಗುತ್ತದೆ. ಮೊದಲ ಗೆರೆಗೆ ಎರಡು ಮೀಟರು ಹಿಂದಿನಿಂದ ನಡಿಗೆ ಶುರುವಾಗಿ, ಕೊನೆಯ ಗೆರೆ ದಾಟಿ ಎರಡು ಮೀಟರು ಮುಂದೆ ನಿಲ್ಲಲಿ. ಸಮಯ ಹಿಡಿಯುವುದು ಗೆರೆಯಿಂದ ಗೆರೆಗೆ ಮಾತ್ರ. ಓಡಿಸುವುದು ಬೇಡ, ಎಂದಿನ ನಡಿಗೆ. ಅಮೆರಿಕದಲ್ಲಿ 147 ರೋಗಿಗಳನ್ನು ನೋಡಿ 1995ರಲ್ಲಿ ಹಾಕಿದ ಅಂದಾಜು ಇಂದಿಗೂ ಬಳಕೆಯಲ್ಲಿದೆ: ಹತ್ತು ಮೀಟರಿಗೆ 25 ಸೆಕೆಂಡಿಗಿಂತ ಹೆಚ್ಚು ಹಿಡಿದರೆ ಓಡಾಟ ಮನೆಯೊಳಗಷ್ಟೇ, 25ರಿಂದ ಹನ್ನೆರಡೂವರೆ ಸೆಕೆಂಡಿನ ನಡುವೆ ಇದ್ದರೆ ಓಣಿ, ಗುಡಿ, ಪಕ್ಕದ ಅಂಗಡಿ, ಅದಕ್ಕಿಂತ ಬೇಗವಾದರೆ ಸಂತೆ, ಬಸ್ ನಿಲ್ದಾಣ. ಹತ್ತು ಮೀಟರು ಅಗಲದ ರಸ್ತೆಯೊಂದನ್ನು 25 ಸೆಕೆಂಡು ನಡುವಿನಲ್ಲೇ ಕಳೆದು ದಾಟುವುದನ್ನು ನೆನೆಸಿಕೊಂಡರೆ ಈ ಅಂಕಿಯ ಅರ್ಥ ಗೊತ್ತಾಗುತ್ತದೆ. ವಾರಕ್ಕೊಮ್ಮೆ, ಒಂದೇ ಹೊತ್ತಿಗೆ, ಅದೇ ಚಪ್ಪಲಿ, ಅದೇ ಕೋಲಿನೊಂದಿಗೆ ಅಳೆಯಿರಿ. ಒಂದೆರಡು ಸೆಕೆಂಡಿನ ಏರಿಳಿತಕ್ಕೆ ಹಿಗ್ಗುವುದೂ ಬೇಡ, ಕುಗ್ಗುವುದೂ ಬೇಡ. 25 ಇದ್ದದ್ದು 18ಕ್ಕೆ ಇಳಿದರೆ ಅದು ಬದುಕಿನಲ್ಲಿ ಕಾಣುವಂಥ ಬದಲಾವಣೆ. ನೋಟುಬುಕ್ಕಿನಲ್ಲಿ ದಿನಾಂಕ, ಸುತ್ತು, ಸೆಕೆಂಡು, ಬಿಪಿ, ಬಿದ್ದದ್ದುಂಟೇ ಎಂಬ ಐದು ಕಾಲಂ ಸಾಕು. ಮೂರು ವಾರ ಸೆಕೆಂಡು ಇಳಿಯದೆ ನಿಂತಲ್ಲೇ ನಿಂತಿದ್ದರೆ, ಇಲ್ಲವೆ ಏರತೊಡಗಿದರೆ, ಗದಗಿನ ಇಲ್ಲವೆ ಹುಬ್ಬಳ್ಳಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗೆ ಹೊರಡುವ ಹೊತ್ತು ಬಂತೆಂದು ತಿಳಿಯಿರಿ. ಆಗ ‘ಹೇಗಿದ್ದಾರೆ?’ ಎಂದು ಕೇಳಿದ ವೈದ್ಯರಿಗೆ ‘ಪರವಾಗಿಲ್ಲ’ ಎಂದು ಹೇಳುವ ಬದಲು ಆ ಹಾಳೆ ತೋರಿಸಬಹುದು. ಕಾಲು ಬಿಗಿದಿದೆಯೋ, ಮನಸ್ಸು ಕುಗ್ಗಿದೆಯೋ, ಅಭ್ಯಾಸ ಕಡಿಮೆಯಾಯಿತೋ ಎಂದು ಅವರು ಅಲ್ಲಿಂದ ಹುಡುಕಬಹುದು. ಲಕ್ವವಾದ ಮೂವರಲ್ಲಿ ಸುಮಾರು ಒಬ್ಬರನ್ನು ಖಿನ್ನತೆ ಕಾಡುತ್ತದೆ. ‘ಮೈಗಳ್ಳತನ’ ಎಂದು ಮನೆಯವರು ಬೈಯುವುದು ಕೆಲವು ಸಲ ಆ ಕಾಯಿಲೆಯನ್ನೇ. ಅದಕ್ಕೂ ಔಷಧಿ ಇದೆ.

ನಡೆಸಿದರೆ ಬೀಳುತ್ತಾರೆ ಎಂಬ ಭಯ ನಿಜವಾದದ್ದು. ಲೀಪ್ಸ್ ಪ್ರಯೋಗದಲ್ಲೇ ಶೇ. 57.6 ಮಂದಿ ಒಮ್ಮೆಯಾದರೂ ಬಿದ್ದಿದ್ದರು. ಆದರೆ ಮಲಗಿಸಿಟ್ಟರೆ ಬೀಳುವುದು ತಪ್ಪುವುದಿಲ್ಲ, ಮುಂದಕ್ಕೆ ಹೋಗುತ್ತದೆ, ಅಷ್ಟೇ. ತಿಂಗಳುಗಟ್ಟಲೆ ಮಲಗಿ ಸೊರಗಿದ ಕಾಲು ಒಂದು ರಾತ್ರಿ ಯಾರನ್ನೂ ಎಬ್ಬಿಸದೆ ಬಚ್ಚಲಿಗೆ ಹೊರಟಾಗ ಅದೇ ಅಪಾಯ ಇನ್ನೂ ದೊಡ್ಡದಾಗಿ ಎದುರಾಗುತ್ತದೆ. ವಲ್ಲಿ, ಹಿಡಿಕೆ, ರಾತ್ರಿ ಉರಿಯುವ ಸಣ್ಣ ದೀಪ, ಹಾಸಿಗೆ ಪಕ್ಕ ಕರೆಗಂಟೆ ಅಥವಾ ಬಾರಿಸಲು ಒಂದು ತಟ್ಟೆ ಇಷ್ಟಿದ್ದರೆ ಭಯಕ್ಕೆ ತಕ್ಕ ಉತ್ತರ ಕೊಟ್ಟಂತೆ. ಆರು ತಿಂಗಳು ಕಳೆಯಿತು, ಇನ್ನೇನು ಎನ್ನುವವರಿಗೆ ಉತ್ತರ ಅದೇ ಪ್ರಯೋಗದಲ್ಲಿದೆ: ಆರು ತಿಂಗಳಾದ ಮೇಲೆ ಯಂತ್ರದ ತರಬೇತಿ ಶುರುಮಾಡಿದವರೂ ವರ್ಷದ ಕೊನೆಗೆ ಉಳಿದವರ ಸಮಕ್ಕೆ ಬಂದರು. ಏರಿಕೆ ನಿಧಾನವಾಗುತ್ತದೆ, ನಿಲ್ಲುವುದಿಲ್ಲ. ಶೇಂಗಾ ಕೀಳುವ ಕಾಲದಲ್ಲಿ, ಮೆಣಸಿನಕಾಯಿ ಬಿಡಿಸುವ ಕಾಲದಲ್ಲಿ ದುಡಿಮೆ ಬಿಟ್ಟು ನಡೆಸುವವರು ಯಾರು ಎಂಬ ಪ್ರಶ್ನೆ ಇವೆರಡಕ್ಕಿಂತ ಕಠಿಣ. ಈ ಹೊರೆ ಹೆಚ್ಚಾಗಿ ಬೀಳುವುದು ಹೆಂಡತಿಯ ಮೇಲೆ, ಸೊಸೆಯ ಮೇಲೆ, ಶಾಲೆಗೆ ಹೋಗುವ ಮಗಳ ಮೇಲೆ. ಸುತ್ತುಗಳನ್ನು ಮನೆಯ ಎಲ್ಲರೂ ಹಂಚಿಕೊಳ್ಳಬೇಕು, ಗಂಡುಮಕ್ಕಳೂ ಸೇರಿ. ಊಟಕ್ಕೆ, ಬಚ್ಚಲಿಗೆ, ಕಟ್ಟೆಗೆ ಹೋಗುವ ಹೆಜ್ಜೆಗಳನ್ನೂ ಲೆಕ್ಕಕ್ಕೆ ಹಿಡಿದರೆ ಬೇರೆಯಾಗಿ ಮೀಸಲಿಡಬೇಕಾದ ಹೊತ್ತು ಕಡಿಮೆಯಾಗುತ್ತದೆ.

ಮನೆಯ ಹೊರಗೂ ನೆರವು ಕೇಳಬಹುದು: ಗ್ರಾಮ ಪಂಚಾಯಿತಿಗಳಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇದ್ದಾರೆ. ತಾಲ್ಲೂಕಿನಲ್ಲಿ ಅವರ ಮೇಲೆ ವಿವಿಧೋದ್ದೇಶ ಕಾರ್ಯಕರ್ತರು. ಅವರು ಫಿಸಿಯೋಥೆರಪಿಸ್ಟರಲ್ಲ, ಆದರೆ ಅಂಗವೈಕಲ್ಯದ ಯುಡಿಐಡಿ ಕಾರ್ಡಿಗೆ ಅರ್ಜಿ ಹಾಕಿಸಲು ದಾರಿ ತೋರಿಸುತ್ತಾರೆ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯಲ್ಲಿ ನರದೋಷದಿಂದ ಬಂದ ಚಲನವೈಕಲ್ಯವೂ ಸೇರಿದೆ. ವೈಕಲ್ಯ ಶೇ. 40 ಅಥವಾ ಅದಕ್ಕಿಂತ ಹೆಚ್ಚೆಂದು ವೈದ್ಯರು ಪ್ರಮಾಣೀಕರಿಸಿದರೆ ಸವಲತ್ತುಗಳಿಗೆ, ರಿಯಾಯಿತಿ ಬಸ್ ಪಾಸಿಗೆ ಅದು ಆಧಾರ. ಜತೆಗೆ ಬರುವ ಮಗಳಿಗೋ ಸೊಸೆಗೋ ಸಾಮಾನ್ಯ ಬಸ್ಸಿನಲ್ಲಿ ಶಕ್ತಿ ಯೋಜನೆಯಿಂದ ಟಿಕೆಟಿನ ಖರ್ಚಿಲ್ಲ. ಹತ್ತು ಮೀಟರಿನ ಸಮಯ ಹನ್ನೆರಡು ಸೆಕೆಂಡಿನ ಹತ್ತಿರ ಬಂದವರಿಗೆ ಮುಂದಿನ ಪಾಠ ಆ ಬಸ್ಸಿನ ಮೆಟ್ಟಿಲೇ. ಮೊದಲು ಮನೆಯ ಕಟ್ಟೆಯ ಮೆಟ್ಟಿಲಿನ ಮೇಲೆ ಕಲಿಯಲಿ: ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ಸೋತ ಕಾಲು ಮೊದಲು. ಹತ್ತುವಾಗ ನೆರವಿನವರು ಹಿಂದೆ ಇರಬೇಕು, ಇಳಿಯುವಾಗ ಕೆಳಗಿನ ಮೆಟ್ಟಿಲಲ್ಲಿ ಮುಂದೆ. ಮೊದಲ ಪ್ರಯಾಣಕ್ಕೆ ಸಂತೆಯ ದಿನ ಬೇಡ, ಶಾಲೆ ಬಿಡುವ ಹೊತ್ತೂ ಬೇಡ. ಗದ್ದಲವಿಲ್ಲದ ನಡುಹೊತ್ತಿನ ಬಸ್ಸು ನೋಡಿ, ಗಟ್ಟಿ ಕೈಗೆ ಕಂಬಿ ಸಿಗುವ ಬದಿಯ ಆಸನ ಹಿಡಿದು, ನೋಟುಬುಕ್ಕನ್ನು ಚೀಲದಲ್ಲಿ ಇಟ್ಟುಕೊಂಡು ಹೊರಡಿ.